ಫಾರ್ಮಿನೊಳಗಿನ ಆಕಳು

ಹೆಂಡತಿ ಎರಡು ತಿಂಗಳು ಮನೆಯಲ್ಲಿ ಇಲ್ಲದಿದ್ದರೆ ಗಂಡಸು ದಿಕ್ಕೆಟ್ಟು ಹೋಗುತ್ತಾನೆ ಎಂಬ ಮಾತನ್ನು ನಾನು ಎಂದೂ ಒಪ್ಪಿದವನಲ್ಲ. ಹದಿನೆಂಟು ವರ್ಷ ಬಾಗಲಕೋಟೆಯ ಕಚೇರಿಯಲ್ಲಿ ಕಾರಕೂನನಾಗಿ ಒಂದು ಇಡೀ ತಾಲೂಕಿನ ಹೊಲ, ಕೆರೆ, ಕಂದಾಯ, ಬೀಡಾಡಿ ದನ ಎಲ್ಲವನ್ನೂ ಕಾಗದದ ಮೇಲೆ ಸಂಭಾಳಿಸಿದ ಈ ಅಂದಾನಪ್ಪನಿಗೆ ಎರಡು ಕೋಣೆಯ ಮನೆ ಯಾವ ದೊಡ್ಡ ಸಂಗತಿ?

ರತ್ನವ್ವ ಬಾದಾಮಿಗೆ ಹೊರಟ ದಿನ ಸ್ಟೇಶನ್ನಿನಲ್ಲಿ ಇದನ್ನೇ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದೆ. ಅವಳ ತಂಗಿಯ ಚೊಚ್ಚಲ ಹೆರಿಗೆ; ಹೋಗದೆ ಗತ್ಯಂತರವಿರಲಿಲ್ಲ.

“ನಿಮ್ಮ ಚಿಂತಿ ಇಲ್ರಿ ನನಗ,” ಎಂದಳು. “ಹುಚ್ಚೇಶಂದ ಚಿಂತಿ. ಬೆಳಿಯೂ ಹುಡುಗ. ವ್ಯಾಳ್ಯಾಕ್ಕ ಉಣ್ಣಾಕ ಹಾಕ್ರಿ, ವ್ಯಾಳ್ಯಾಕ್ಕ ಮಲಗಸ್ರಿ.”

“ನೀ ತಿರುಗಿ ಬರೂದರಾಗ ಅವನ್ನ ಪೈಲವಾನ ಮಾಡಿರ್ತೇನಿ. ಗುರ್ತು ಹಿಡೀಬೇಕಾದ್ರ ಎರಡು ಸಲ ನೋಡಬೇಕು ನೀ.”

“ಒಂದ ಸಲಕ್ಕ ಗುರ್ತು ಸಿಗೂ ಹಂಗ ಇಟ್ಟಿರ್ರಿ, ಸಾಕು,” ಎಂದು ಗಾಡಿ ಹತ್ತಿದಳು.

ಹುಚ್ಚೇಶ ನನ್ನ ಅಕ್ಕ ಲಗಮವ್ವನ ಮಗ. ಹದಿನೈದು ತುಂಬಿತ್ತು. ಹುನಗುಂದದಿಂದ ಇಂಗ್ಲಿಷ್ ಸಾಲೆ ಕಲಿಯಲು ನಮ್ಮ ಮನೆಗೆ ಬಂದವನು. ದೊಡ್ಡ ಯುದ್ಧ ಮುಗಿದ ವರ್ಷ ಊರೂರು ಖಾಲಿ ಮಾಡಿದ ಆ ಜ್ವರದಲ್ಲಿ ಅಕ್ಕನ ಹಿರಿಯ ಮಗ ಮೂರೇ ದಿನದಲ್ಲಿ ಹೋಗಿಬಿಟ್ಟಿದ್ದ. ಅದಾಗಿ ನಾಲ್ಕು ವರ್ಷ. ಉಳಿದವನು ಇವನೊಬ್ಬನೇ. ಇವನನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗುವಾಗ ಅಕ್ಕ ಒಂದು ಮಾತನ್ನೂ ಹೇಳಿರಲಿಲ್ಲ. ಹೊಸ್ತಿಲಲ್ಲಿ ನಿಂತು ನನ್ನನ್ನು ಒಮ್ಮೆ ನೋಡಿ ಬಂಡಿ ಹತ್ತಿದ್ದಳು, ಅಷ್ಟೇ. ಆ ನೋಟವನ್ನು ಈಗಲೂ ಮರೆತಿಲ್ಲ.

ಮೊದಲ ದಿನ ನಾನೇ ರೊಟ್ಟಿ ಬಡಿದೆ. ಹಂಚಿಗೆ ಹತ್ತಿದ ಅರ್ಧ ಹಂಚಿನಲ್ಲೇ ಉಳಿಯಿತು, ಕೈಗೆ ಹತ್ತಿದ ಅರ್ಧ ಕೈಯಲ್ಲೇ ಉಳಿಯಿತು. ತಾಟಿಗೆ ಬಂದದ್ದು ಹೊಗೆ ಮಾತ್ರ. ಮರುದಿನದಿಂದ ನೆರೆಮನೆಯ ಶಾರವ್ವ ಕನಿಕರಪಟ್ಟು ದಿನಾ ಎಂಟು ರೊಟ್ಟಿ ಬಡಿದು ಕೊಡತೊಡಗಿದಳು. ಪಲ್ಯದ ಜವಾಬ್ದಾರಿ ನನ್ನದಾಗಿ ಉಳಿಯಿತು. ಅದನ್ನು ನಾನು ಅಟ್ಟದ ಮೇಲಿನ ಭರಣಿಗಳಿಗೆ ವಹಿಸಿಬಿಟ್ಟೆ. ಒಂದರಲ್ಲಿ ಮಾವಿನ ಉಪ್ಪಿನಕಾಯಿ, ಇನ್ನೊಂದರಲ್ಲಿ ಉಪ್ಪು ಹಚ್ಚಿ ಒಣಗಿಸಿದ ಮಜ್ಜಿಗೆ ಮೆಣಸಿನಕಾಯಿ, ಡಬ್ಬಿಯ ತುಂಬ ಹಪ್ಪಳ, ಸಂಡಿಗೆ. ವರ್ಷಕ್ಕೆಂದು ರತ್ನವ್ವ ಮಾಡಿಟ್ಟದ್ದು. ಐದು ವಾರ ನಾವಿಬ್ಬರೂ ತಪ್ಪಲು, ಸೊಪ್ಪು ಯಾವುದರ ಮುಖವನ್ನೂ ನೋಡದೆ ಸುಖವಾಗಿ ಉಂಡೆವು.

ಇನ್ನು ನಿದ್ದೆ. ನನಗೆ ಪಗಡೆಯ ಹುಚ್ಚು. ರತ್ನವ್ವ ಇರುವಾಗ ಪಗಡೆಯ ಹಾಸು ಅಟ್ಟದಿಂದ ಇಳಿಯುತ್ತಿರಲಿಲ್ಲ. ಈಗ ದಿನಾ ಊಟವಾದ ಮೇಲೆ ನನ್ನ ಕಚೇರಿಯ ಗೆಳೆಯರಾದ ಮಾಳಪ್ಪ, ಕಾಶಪ್ಪ ಬರುತ್ತಿದ್ದರು. ಜೋಡಿ ಕಟ್ಟಿ ಆಡಲು ನಾಲ್ಕನೆಯ ಕೈ ಬೇಕು. ಮನೆಯಲ್ಲಿ ಹುಡುಗನಿದ್ದ, ಹುಡುಗನ ಕೈಯಲ್ಲಿ ಕವಡೆಗಳು ಹೇಳಿದ ಮಾತು ಕೇಳುತ್ತಿದ್ದವು. ಅವನಿಗೆ ತೂಕಡಿಕೆ ಬಂದಾಗಲೆಲ್ಲ ನಾನು ಎದ್ದು ಚಹಾ ಕಾಸಿ ಕೊಡುತ್ತಿದ್ದೆ. ಆಟ ಮುಗಿಯುವ ಹೊತ್ತಿಗೆ ಓಣಿಯ ಕೋಳಿಗಳು ಎದ್ದಿರುತ್ತಿದ್ದವು.

ಹೀಗಿರುವಾಗ ಡಾಕ್ಟರ ಮುರ್ತುಜಸಾಬರು ಸಾಲೆಗೆ ಬಂದರು. ಇಳಕಲ್ಲಿನಲ್ಲಿ ರೇಷ್ಮೆಗೆ ಬಣ್ಣ ಹಾಕುವ ಮನೆತನದವರು. ಮುಂಬಯಿಯಲ್ಲಿ ವೈದ್ಯಕೀಯ ಕಲಿತು ನಮ್ಮ ಪೇಟೆಯಲ್ಲಿ ದವಾಖಾನೆ ಇಟ್ಟಿದ್ದರು. ಅವರ ಬಳಿ ಒಂದು ಹೊಸ ಯಂತ್ರವಿತ್ತು. ತೋಳಿಗೆ ರಬ್ಬರಿನ ಪಟ್ಟಿ ಸುತ್ತಿ ಗಾಳಿ ತುಂಬಿದರೆ ಗಾಜಿನ ಕೊಳವೆಯಲ್ಲಿ ಪಾದರಸ ಏರುತ್ತದೆ. ಮೈಯೊಳಗೆ ರಕ್ತ ಎಷ್ಟು ಒತ್ತಿ ಹರಿಯುತ್ತಿದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಮೀಸೆ ಮೂಡುವ ವಯಸ್ಸಿನ ಹುಡುಗರು ಏನು ತಿನ್ನುತ್ತಾರೆ, ಎಷ್ಟು ಹೊತ್ತು ಮಲಗುತ್ತಾರೆ, ಅದಕ್ಕೂ ಈ ಒತ್ತಡಕ್ಕೂ ಏನು ಸಂಬಂಧ ಎಂದು ತಿಳಿಯುವ ಹಂಬಲ ಅವರದು. ಅದಕ್ಕಾಗಿ ಪ್ರತಿ ಮನೆಗೂ ಒಂದು ಫಾರ್ಮು ಕಳಿಸಿದ್ದರು.

ಫಾರ್ಮು ನನ್ನ ಕೈಗೆ ಬಂತು. ನಾನು ತಪ್ಪಿದ್ದು ಇಲ್ಲೇ. ಕಾಗದದಲ್ಲಿ ಖಾಲಿ ಜಾಗ ಬಿಡುವುದಾಗಲಿ, ಓದುವವರ ಮನಸ್ಸಿಗೆ ಬೇಸರವಾಗುವಂಥದ್ದನ್ನು ಬರೆಯುವುದಾಗಲಿ ನನ್ನ ಕೈಗೆ ಬರುವುದೇ ಇಲ್ಲ. ಲೇಖನಿಗೆ ಹೊಸ ಟಾಕು ಹಾಕಿ, ಶಾಯಿಯಲ್ಲಿ ಅದ್ದಿ, ದುಂಡಗೆ ಬರೆದೆ:

ಮುಂಜಾನೆ: ಮನೆಯ ಆಕಳ ಹಾಲು, ಒಂದು ಶೇರು. ಮಧ್ಯಾಹ್ನ: ರೊಟ್ಟಿ, ಬೇಳೆ, ತಪ್ಪಲು ಪಲ್ಯ, ಮೊಸರು. ಉಪ್ಪು: ಅತ್ಯಲ್ಪ. ಉಪ್ಪಿನಕಾಯಿ: ವರ್ಜ್ಯ. ಚಹಾ: ಹುಡುಗನಿಗೆ ಅದರ ರುಚಿಯೇ ತಿಳಿಯದು. ಮಲಗುವ ಹೊತ್ತು: ರಾತ್ರಿ ಎಂಟು. ಏಳುವ ಹೊತ್ತು: ಬೆಳಗಿನ ಐದು. ನಿದ್ದೆಯ ಗುಣ: ಗಾಢ.

ಹುಚ್ಚೇಶ ನನ್ನ ಹೆಗಲ ಮೇಲಿಂದ ಬಗ್ಗಿ ಎಲ್ಲವನ್ನೂ ಓದಿದ.

“ಮಾವಾ, ಇದು ಯಾರ ಮನೀದ್ರಿ?”

“ನಮ್ದ. ಕಾಗದದ ಮ್ಯಾಲೆ ಮನಿ ಹಿಂಗ ಇರಬೇಕು.”

“ಡಾಕ್ಟರು ನನ್ನ ಕೇಳಿದ್ರ?”

“ಹೌದ್ರಿ ಅನ್ನು. ದೊಡ್ಡವರು ಸಹಿ ಮಾಡಿದ ಕಾಗದಕ್ಕ ಎದುರು ಮಾತಾಡಬಾರದು.”

ನಾಲ್ಕು ದಿನಗಳಲ್ಲಿ ಸಾಲೆಯ ಹುಡುಗರನ್ನೆಲ್ಲ ಅಳೆದು ಮುಗಿಸಿದರು. ಹುಚ್ಚೇಶನನ್ನು ಮಾತ್ರ ಮೂರು ದಿನ ಮೂರು ಸಲ ಅಳೆದರಂತೆ.

“ಎಲ್ಲಾರದೂ ನೂರಾ ಹತ್ತು, ನೂರಾ ಹದಿನೈದು ಐತ್ರಿ ಮಾವಾ. ನಂದು ನೂರಾ ಐವತ್ತು.”

“ಅಂದ್ರ ಇಡೀ ಸಾಲಿಗೆ ನಿಂದ ಹೆಚ್ಚು?”

“ಹೂಂನ್ರಿ.”

ನನ್ನ ಎದೆ ಉಬ್ಬಿತು. ಅಮೀನಗಡದಿಂದ ಯಾರೋ ತಂದುಕೊಟ್ಟಿದ್ದ ಕರದಂಟಿನ ಪೊಟ್ಟಣ ಒಡೆದು ಮರುದಿನ ಕಚೇರಿಯಲ್ಲೆಲ್ಲ ಹಂಚಿದೆ. ಮೇಜಿನಿಂದ ಮೇಜಿಗೆ ಹೋಗಿ ಹೇಳಿದೆ: “ನಮ್ಮ ಅಳಿಯಾ ನೂರಾ ಐವತ್ತು ತಗೊಂಡಾನ.” ಮಾಳಪ್ಪನ ಮಗನಿಗೆ ನೂರಾ ಎಂಟೇ ಬಂದಿತ್ತು. ಆ ಸಂಜೆ ಮಾಳಪ್ಪ ಮನೆಗೆ ಹೋಗಿ ಮಗನಿಗೆ ಎರಡು ಬಿಟ್ಟನಂತೆ.

ಅದೇ ಸಂಜೆ ದವಾಖಾನೆಯಿಂದ ಕರೆ ಬಂತು. ಸನ್ಮಾನವೇ ಇರಬೇಕೆಂದು ಜರಿಯ ರುಮಾಲು ಸುತ್ತಿಕೊಂಡು, ಉಳಿದ ಕರದಂಟು ಹಿಡಿದು ಹೋದೆ. ಡಾಕ್ಟರರು ಪೊಟ್ಟಣವನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಬಾಗಿಲು ಮುಚ್ಚಿದರು.

“ಇದು ಮಾರ್ಕು ಅಲ್ರಿ ಅಂದಾನಪ್ಪನವರ. ಈ ವಯಸ್ಸಿನ ಹುಡುಗಗ ರಕ್ತದ ಒತ್ತಡ ಇಷ್ಟು ಇರಬಾರದು.”

ನನ್ನ ಮುಖದ ಮೇಲಿನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

“ಉಪ್ಪು ಮಿತಿ ಮೀರಿದ್ರ, ನಿದ್ದಿ ಕೆಟ್ರ ಏರತೈತಿ ಅಂತ ನಾ ತಿಳಕೊಂಡಿದ್ದೆ,” ಎಂದರು ಅವರು, ನನ್ನ ದುಂಡಗಿನ ಅಕ್ಷರಗಳ ಮೇಲೆ ಬೆರಳಿಟ್ಟು. “ಆದ್ರ ನಿಮ್ಮ ಮನ್ಯಾಗ ಅದ್ಯಾವುದೂ ಇಲ್ಲ. ಇಡೀ ಸಾಲ್ಯಾಗ ಇಷ್ಟು ಚಲೋ ನಿಯಮ ಇನ್ನೊಬ್ಬರದಿಲ್ಲ. ಹುಡುಗನ್ನೂ ಕೇಳಿದೆ, ಹೌದ್ರಿ ಅಂದ. ಅಂದಮ್ಯಾಗ ಕಾರಣ ಒಳಗ ಐತಿ.”

“ಒಳಗ ಅಂದ್ರ?”

“ಮೂತ್ರಪಿಂಡ ಇರಬಹುದು. ಎದಿ ಇರಬಹುದು. ಸಣ್ಣ ಮಾತಲ್ಲ.”

ಆಗಲೇ ಬಾಯಿ ಬಿಡಬೇಕಿತ್ತು. ಒಂದು ಮನಸ್ಸು ಹೇಳಿತು: ಇದೆಲ್ಲ ಉಪ್ಪಿನಕಾಯಿಯ ಆಟ, ಹೇಳಿಬಿಡು. ಇನ್ನೊಂದು ಮನಸ್ಸು ಹೇಳಿತು: ಸುಳ್ಳು ಬರೆದು ಸಹಿ ಮಾಡಿದ ಕಾರಕೂನನೆಂದು ಊರಿಗೆಲ್ಲ ಗೊತ್ತಾದರೆ ನಾಳೆ ಕಚೇರಿಯಲ್ಲಿ ನಿನ್ನ ಯಾವ ಕಾಗದ ನಡೆಯುತ್ತದೆ? ಎರಡರ ನಡುವೆ ಮೂರನೆಯ ಹೆದರಿಕೆ ತಲೆ ಎತ್ತಿತು: ಡಾಕ್ಟರರು ಹೇಳಿದ್ದೇ ಖರೆಯಾಗಿದ್ದರೆ? ಅಕ್ಕನ ನೋಟ ಕಣ್ಣ ಮುಂದೆ ಬಂತು. ನಾನು ಸುಮ್ಮನೆ ಎದ್ದು ಬಂದೆ. ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಫಾರ್ಮನ್ನು ತಿದ್ದಲು ಬಾರದಿದ್ದರೆ ಮನೆಯನ್ನೇ ತಿದ್ದಿ ಫಾರ್ಮಿಗೆ ಸರಿಮಾಡಬೇಕು.

ಮರುದಿನ ನಸುಕಿನಲ್ಲೇ ಶಾರವ್ವನ ಎಮ್ಮೆಯ ಹಾಲು ಒಂದು ಶೇರು ತಂದು ಹುಡುಗನ ಎದುರು ಕುಳಿತೆ. ಕೊನೆಯ ಹನಿ ಹೋಗುವವರೆಗೂ ಬಿಡಲಿಲ್ಲ. ರೂಢಿಯಿಲ್ಲದ ಹೊಟ್ಟೆ, ಮಧ್ಯಾಹ್ನದವರೆಗೆ ಹನ್ನೊಂದು ಸಲ ತಂಬಿಗೆ ಹಿಡಿದು ಓಡಿದ. ಪಗಡೆಯ ಹಾಸನ್ನು ಕಟ್ಟಿ ಅಟ್ಟಕ್ಕೆ ಎಸೆದೆ. ಪಲ್ಯ ಮಾಡಲು ಬಾರದ್ದರಿಂದ ಭರಣಿಗಳು ಮಾತ್ರ ಇದ್ದಲ್ಲೇ ಉಳಿದವು. ಎಂಟಕ್ಕೆ ದೀಪ ಆರಿಸಿ, ಅವನ ಪಕ್ಕದಲ್ಲಿ ಕುಳಿತು, ಉಸಿರಾಟ ಕೇಳತೊಡಗಿದೆ.

“ನಿದ್ದಿ ಬಂತೇನು?”

“ಬರಾಕತ್ತಿತ್ರಿ. ನೀವು ಕೇಳಿದ್ರಿ.”

ಅರ್ಧ ತಾಸು ಬಿಟ್ಟು ಉಸಿರು ಕೇಳಿಸಲಿಲ್ಲ. ಭುಜ ಹಿಡಿದು ಅಲುಗಾಡಿಸಿದೆ.

“ಹುಚ್ಚೇಶಾ. ಏ ಹುಚ್ಚೇಶಾ. ಮಲಗಿದಿ ಏನೋ?”

“ಮಲಗಿದ್ದೆ ಮಾವಾ.”

ಹೀಗೆ ಆರೇಳು ಸಲ ಎಬ್ಬಿಸಿ, ಮಲಗಿದ್ದಾನೆಂದು ಖಾತ್ರಿ ಮಾಡಿಕೊಂಡೆ. ಕೊನೆಗೆ ಅವನೇ ಕತ್ತಲಲ್ಲಿ ಎದ್ದು ಕುಳಿತ.

“ಮಾವಾ, ನಾ ಅಣ್ಣನಂಗ ಸಾಯ್ತೇನೇನ್ರಿ?”

“ಹುಚ್ಚ,” ಎಂದೆ. ದನಿ ನನ್ನದಾಗಿರಲಿಲ್ಲ. “ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ನೀವು ಅಳಾಕ ಹತ್ತೀರಿ.”

ಆ ರಾತ್ರಿ ಇಬ್ಬರೂ ಕಣ್ಣು ಮುಚ್ಚಲಿಲ್ಲ. ಮೂರು ದಿನ ಇದೇ ನಿಯಮ ನಡೆಯಿತು. ನಾಲ್ಕನೆಯ ದಿನ ಡಾಕ್ಟರರು ಅಳೆದಾಗ ನೂರಾ ಐವತ್ತೆಂಟು. ಅವರ ಮುಖವೂ ಸಣ್ಣದಾಯಿತು. ಸೊಲ್ಲಾಪುರದ ದೊಡ್ಡ ದವಾಖಾನೆಗೆ ಒಂದು ಕಾಗದ ಬರೆದರು, ಹುನಗುಂದಕ್ಕೆ ಅಕ್ಕನಿಗೆ ಇನ್ನೊಂದು.

ಕಾಗದ ಮುಟ್ಟಿದ ಮರುದಿನವೇ ಅಕ್ಕ ಬಂಡಿ ಕಟ್ಟಿಸಿಕೊಂಡು ಬಂದಳು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈದಿದ್ದರೆ ಬದುಕುತ್ತಿದ್ದೆ. ಅವಳು ದಾರಿಯಲ್ಲಿ ದವಾಖಾನೆಗೆ ಹೋಗಿ ಬಂದಿದ್ದಳು. ಡಾಕ್ಟರರು ನನ್ನ ಫಾರ್ಮನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ್ದರು. ಮಗನ ಮಣಿಕಟ್ಟು ಹಿಡಿದುಕೊಂಡೇ ಕುಳಿತು ಅಕ್ಕ ನನ್ನ ಕಡೆ ನೋಡಿದಳು.

“ಶೇರು ಹಾಲು ಕುಡಿಸಿದಿ. ವ್ಯಾಳ್ಯಾಕ್ಕ ಮಲಗಿಸಿದಿ. ಹೆತ್ತಾಕಿ ನಾನೂ ಇಷ್ಟು ಮಾಡಿದ್ದಿಲ್ಲ ತಮ್ಮಾ. ನಿನ್ನ ಋಣ ಹ್ಯಾಂಗ ತೀರಿಸಲಿ?”

ನಾನು ಹಿತ್ತಲಿಗೆ ಹೋಗಿ, ಜೋಳ ತುಂಬಿಡುವ ಹಗೇವಿನ ಕಲ್ಲಿನ ಮೇಲೆ ಕುಳಿತು, ರುಮಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ.

ಸೊಲ್ಲಾಪುರದ ಕಡೆ ಹೋಗುವ ಗಾಡಿ ಬಾದಾಮಿಯ ಮೇಲಿಂದಲೇ ಬರುತ್ತದೆ. ಎರಡು ದಿನದ ಮೇಲೆ ಮುಂಜಾನೆ ನಾವು ಸ್ಟೇಶನ್ನಿನಲ್ಲಿದ್ದೆವು. ಅಕ್ಕ, ಹುಚ್ಚೇಶ, ಒಂದು ಟ್ರಂಕು, ಬುತ್ತಿಯ ಗಂಟು. ದವಾಖಾನೆಗೆ ಕೊಡಬೇಕಾದ ಕಾಗದಗಳನ್ನು ಹಿಡಿದು ಡಾಕ್ಟರರೂ ಬಂದಿದ್ದರು. ಎಲ್ಲಕ್ಕಿಂತ ಮೇಲೆ ನನ್ನ ಫಾರ್ಮು. ಹುಡುಗನ ಮುಖ ಸುಣ್ಣದ ಹಾಗಿತ್ತು. ದೂರದಲ್ಲಿ ಹೊಗೆ ಕಂಡಾಗ ಅಕ್ಕ ನನ್ನ ಹತ್ತಿರ ಬಂದು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆ ನನ್ನ ಕೈ ಹಿಡಿದಳು.

“ಅಲ್ಲಿ ಏನರ ಆದ್ರ ನಿನ್ನ ಮ್ಯಾಲೆ ಹಾಕ್ಕೊಬ್ಯಾಡ, ತಮ್ಮಾ. ನಿನ್ನ ತಪ್ಪಲ್ಲ.”

ಹದಿನೆಂಟು ವರ್ಷದ ನೌಕರಿ, ಮಾನ, ಮರ್ಯಾದೆ ಎಲ್ಲವೂ ಆ ಒಂದು ಮಾತಿಗೆ ಕರಗಿಹೋದವು.

“ನಂದ ತಪ್ಪು ಅಕ್ಕಾ,” ಎಂದೆ. “ಹಾಲು ಇಲ್ಲ.”

“ಗಾಡ್ಯಾಗ ಹಾಲು ಯಾಕ? ಬುತ್ತಿ ಐತಿ.”

“ಗಾಡ್ಯಾಗಿಂದಲ್ಲ. ಫಾರ್ಮಿನ್ಯಾಗಿಂದು. ಆ ಹಾಲು ಇಲ್ಲ. ನಿದ್ದಿನೂ ಇಲ್ಲ. ಎಲ್ಲಾ ನಾ ಬರದದ್ದು.”

ಗಾಡಿ ಬಂದು ನಿಂತಿತು. ಡಾಕ್ಟರರು ನಿಧಾನವಾಗಿ ಫಾರ್ಮು ಬಿಚ್ಚಿದರು.

“ಮನೆಯ ಆಕಳ ಹಾಲು, ಒಂದು ಶೇರು,” ಎಂದು ಗಟ್ಟಿಯಾಗಿ ಓದಿದರು.

“ಯಾರ ಮನಿ ಆಕಳರಿ?” ಎಂದು ಹಿಂದಿನಿಂದ ಒಂದು ಹೆಣ್ಣಿನ ದನಿ.

ಗಾಡಿಯಿಂದ ಗಂಟು ಸಮೇತ ರತ್ನವ್ವ ಇಳಿದಿದ್ದಳು. ನಾನು ಅವಳಿಗೆ ಏನೂ ತಿಳಿಸಿರಲಿಲ್ಲ. ಹುಡುಗನಿಗೆ ಆರಾಮಿಲ್ಲವೆಂದು ಶಾರವ್ವನೇ ಬಾದಾಮಿಗೆ ಹೇಳಿ ಕಳಿಸಿದ್ದಳು.

“ನಿಮ್ಮ ಮನಿದು,” ಎಂದರು ಡಾಕ್ಟರರು.

“ನಾ ಹೋಗೂಮುಂದ ನಮ್ಮ ಮನ್ಯಾಗ ಒಂದು ಬೆಕ್ಕಿತ್ರಿ. ಅದೂ ನಮ್ದಲ್ಲ.”

ಡಾಕ್ಟರರು ಕಿಸೆಯಿಂದ ಪೆನ್ಸಿಲು ತೆಗೆದು ಆಕಳನ್ನು ಹೊಡೆದು ಹಾಕಿದರು. ಆಮೇಲೆ ನನ್ನನ್ನು ಕೇಳಲೇ ಇಲ್ಲ. ಹುಡುಗನ ಕಡೆ ತಿರುಗಿದರು.

“ಉಪ್ಪಿನಕಾಯಿ?”

ಹುಚ್ಚೇಶ ನನ್ನ ಮುಖ ನೋಡಿದ. ಹೇಳು ಎನ್ನುವಂತೆ ನಾನು ತಲೆಯಾಡಿಸಿದೆ.

“ಎರಡೂ ಹೊತ್ತು ಅದ ಪಲ್ಯ ರೀ. ಮಜ್ಜಿಗಿ ಮೆಣಸಿನಕಾಯಿ ದಿನಾ ಎಂಟು. ಯಂತ್ರಾ ಕಟ್ಟಿದ ದಿನ ಹತ್ತು.”

“ಅದ್ಯಾಕ?”

“ಹೆದರಿಕಿ ಆಗಿತ್ರಿ. ಹೆದರಿಕಿ ಆದ್ರ ತಿನಬೇಕನಸ್ತೈತಿ.”

“ಚಹಾ?”

“ಆಟದಾಗ ನಾಲ್ಕು ಕಪ್ಪು ರೀ.”

“ಯಾವ ಆಟ?” ಎಂದಳು ರತ್ನವ್ವ.

“ನಿದ್ದಿ ಎಷ್ಟು ತಾಸು?” ಎಂದರು ಡಾಕ್ಟರರು.

“ಪಗಡಿ ಲಗೂನ ಮುಗದ್ರ ನಾಲ್ಕು. ಈ ವಾರ ಅದೂ ಇಲ್ರಿ. ಮಲಗೀನೋ ಇಲ್ಲೋ ಅಂತ ಮಾವ ಎಬ್ಬಿಸಿ ಕೇಳ್ತಾರ.”

ಗಾರ್ಡು ಸೀಟಿ ಊದಿದ. ಡಾಕ್ಟರರು ಗಾಡಿಯ ಕಡೆ ನೋಡಿ, “ಟ್ರಂಕು ಇಲ್ಲೇ ಇರ್ಲಿ,” ಎಂದರು. ಗಾಡಿ ಹೊರಟುಹೋಯಿತು. ಅವರು ಆ ಟ್ರಂಕಿನ ಮೇಲೆಯೇ ಕುಳಿತು ಹಣೆ ಒರೆಸಿಕೊಂಡರು.

“ಅಂದಾನಪ್ಪನವರ, ನಾ ಮುಂಬಯಿಗೆ ನನ್ನ ಗುರುಗಳಿಗೆ ಕಾಗದ ಬರದೀನಿ. ಹಾಲು ಕುಡದು ಎಂಟಕ್ಕ ಮಲಗೂ ಹುಡುಗರಿಗೆ ರಕ್ತದ ಒತ್ತಡ ಹೆಚ್ಚು, ಬಾಗಲಕೋಟ್ಯಾಗ ಇದು ಹೊಸಾ ಶೋಧ ಅಂತ.”

ನನಗೆ ಪ್ಲಾಟಫಾರ್ಮು ಬಿರಿದು ಒಳಗೆ ಎಳೆದುಕೊಳ್ಳಬಾರದೇ ಅನ್ನಿಸಿತು.

“ಹಂಗಾರ ನನ್ನ ಮಗಗ ಏನೂ ಆಗಿಲ್ಲೇನ್ರಿ?” ಎಂದಳು ಅಕ್ಕ.

“ಈಗ ಹೇಳಾಕ ಬರೂದಿಲ್ಲವ್ವ. ಮೂರು ವಾರ ನೋಡೂಣು. ತಪ್ಪಲ ಪಲ್ಯ, ಬೇಳಿ, ಮೊಸರು ಹಾಕ್ರಿ. ಉಪ್ಪು ಕೈ ಹಿಡದು ಹಾಕ್ರಿ. ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಮಲಗಲಿ. ಯಾರೂ ಎಬ್ಬಿಸಬ್ಯಾಡ್ರಿ. ಒತ್ತಡ ಇಳದ್ರ ಚಲೋ. ಇಳೀಲಿಲ್ಲಂದ್ರ ಸೊಲ್ಲಾಪುರ ತಪ್ಪಿದ್ದಲ್ಲ.”

ಆ ಮೂರು ವಾರ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ನನ್ನ ಜೊತೆ ಒಂದು ಮಾತನ್ನೂ ಆಡಲಿಲ್ಲ. ನನ್ನ ತಾಟಿಗೆ ರೊಟ್ಟಿ ಹಾಕುವಾಗಲೂ ಗೋಡೆಯನ್ನು ನೋಡುತ್ತಿದ್ದಳು. ಖಾಲಿ ಭರಣಿಗಳನ್ನು ರತ್ನವ್ವ ತೊಳೆದು ಅಂಗಳದಲ್ಲಿ ಸಾಲಾಗಿ ಬೋರಲು ಹಾಕಿದಳು. ಕಚೇರಿಗೆ ಹೋಗುವಾಗ ನಾನು ಅವನ್ನು ದಾಟಿಕೊಂಡು ಹೋಗಬೇಕಿತ್ತು. ಮಾಳಪ್ಪ, ಕಾಶಪ್ಪ ಒಂದು ಸಂಜೆ ಬಾಗಿಲವರೆಗೆ ಬಂದು, ಅಕ್ಕನನ್ನು ಕಂಡು, ದಾರಿ ತಪ್ಪಿದವರ ಹಾಗೆ ತಿರುಗಿ ಹೋದರು. ಹುಡುಗ ಮಾತ್ರ ಮೊದಲ ವಾರ ಸಾಲೆ ಬಿಟ್ಟು ಬಂದವನೇ ಮಲಗಿಬಿಡುತ್ತಿದ್ದ. ನಾನು ಅವನ ಕೋಣೆಯ ಹೊಸ್ತಿಲಾಚೆ ನಿಂತು, ಎದೆ ಏರಿ ಇಳಿಯುವುದನ್ನು ಎಣಿಸಿ, ಸಪ್ಪಳವಾಗದ ಹಾಗೆ ಹಿಂದೆ ಸರಿಯುತ್ತಿದ್ದೆ.

ಮೊದಲ ವಾರ ನೂರಾ ನಲವತ್ತು. ಎರಡನೆಯ ವಾರ ನೂರಾ ಇಪ್ಪತ್ತೆಂಟು. ಮೂರನೆಯ ವಾರ ಡಾಕ್ಟರರು ನಮ್ಮ ಮನೆಗೇ ಬಂದು ಯಂತ್ರ ಬಿಚ್ಚಿದರು. ಪಾದರಸ ಏರುವಾಗ ನಾನು ಕಂಬದ ಹಿಂದೆ ನಿಂತು ಕಣ್ಣು ಮುಚ್ಚಿದ್ದೆ. ಪಟ್ಟಿಯ ಗಾಳಿ ಬಿಡುವ ಸಪ್ಪಳ ಕೇಳಿಸಿತು.

“ನೂರಾ ಹದಿನಾರು,” ಎಂದರು. “ಹುಡುಗಗ ಯಾವ ರೋಗಾನೂ ಇಲ್ಲವ್ವ.”

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೂರು ವಾರದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ, “ಉಂಡಿಯೇನೋ?” ಎಂದಳು. ನಾನು ಇಲ್ಲವೆನ್ನುವಂತೆ ತಲೆಯಾಡಿಸಿದೆ.

ಹೋಗುವ ಮುನ್ನ ಡಾಕ್ಟರರು ಒಂದು ಹೊಸ ಫಾರ್ಮು ತೆಗೆದರು. ನಾನು ರೂಢಿಯಂತೆ ಕೈ ಚಾಚಿದೆ. ಅವರು ಅದನ್ನು ನನ್ನ ಕೈ ದಾಟಿಸಿ ಹುಚ್ಚೇಶನಿಗೆ ಕೊಟ್ಟರು. ಈ ಸಲ ಕೊನೆಯಲ್ಲಿ ಒಂದು ಕಾಲಮ್ಮನ್ನು ಅವರೇ ಕೈಯಿಂದ ಬರೆದು ಸೇರಿಸಿದ್ದರು: ಹುಡುಗನ ಆರೋಗ್ಯಕ್ಕೆ ಬಾಧಕವಾದದ್ದು ಮನೆಯಲ್ಲಿ ಏನಾದರೂ ಇದೆಯೇ?

ಹುಡುಗ ನೆಲದ ಮೇಲೆ ಕುಳಿತು, ನಾಲಿಗೆ ತುದಿ ಕಚ್ಚಿಕೊಂಡು, ಎಲ್ಲವನ್ನೂ ಖರೆಖರೆ ತುಂಬಿದ. ಕೊನೆಯ ಕಾಲಮ್ಮಿನಲ್ಲಿ ಹೀಗೆ ಬರೆದ: “ಹೊಗೆ ಇಲ್ಲ. ತಿಗಣೆ ಇಲ್ಲ. ಮಾವ ಇದ್ದಾರೆ.”

ಅದರ ಕೆಳಗೆ ಪಾಲಕರ ಸಹಿ ಬೇಕಿತ್ತು. ಓದಿ ನೋಡಿದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಸಹಿ ಹಾಕಿದೆ.